ಕಾನೂನು ಕಲಿತು ಕನ್ನಡಕ್ಕೆ ದುಡಿದ ಹಳಕಟ್ಟಿಯವರು

ಬೇಸಗೆಯಲ್ಲಿ ಪರೀಕ್ಷೆಗಳ ಫಲಿತಾಂಶ ಹೊರಬೀಳುತ್ತಲೇ ಕ್ರೋಂಪೇಟೆಯ ನಮ್ಮ ಕನ್ನಡ ಮನೆಗಳಲ್ಲಿ ಮುಂದಿನ ವ್ಯಾಸಂಗದ ಮಾತು ಪ್ರಾರಂಭವಾಗುತ್ತದೆ. ಚರ್ಮ ಹದಮಾಡುವ ಕ್ರೋಂ ಕಾರ್ಖಾನೆಯಿಂದ ಹೆಸರು ಪಡೆದ ಈ ಪೇಟೆಯಲ್ಲಿ ತಂತ್ರವಿದ್ಯೆಯ ಆಕರ್ಷಣೆ ಹೆಚ್ಚು. 1949ರಲ್ಲಿ ಸ್ಥಾಪಿತವಾದ ಮದರಾಸು ತಂತ್ರಜ್ಞಾನ ಸಂಸ್ಥೆ ನಮ್ಮ ಕಣ್ಣೆದುರಿಗೇ ಇದೆ. ಆದರೂ ಕಾನೂನನ್ನು ಆರಿಸಿಕೊಂಡ ಮಕ್ಕಳು ನಮ್ಮಲ್ಲಿ ಎಂದೂ ಇಲ್ಲದಿರಲಿಲ್ಲ. 1931ರಲ್ಲಿ ತಾಂಬರಂ ಮತ್ತು ಬೀಚ್ ನಿಲ್ದಾಣಗಳ ನಡುವೆ ವಿದ್ಯುತ್ ರೈಲು ಸಂಚರಿಸತೊಡಗಿದ ಮೇಲೆ, ಬೆಳಗಿನ ಬಂಡಿ ಹಿಡಿದು ಕೋಟೆ ನಿಲ್ದಾಣದಲ್ಲಿ ಇಳಿದರೆ ಹೈಕೋರ್ಟಿನ ಆವರಣದ ಲಾ ಕಾಲೇಜು ನಡೆದು ತಲಪುವಷ್ಟು ಹತ್ತಿರವಾಗಿತ್ತು. 1891ರಲ್ಲಿ ಹುಟ್ಟಿದ ಆ ಕಾಲೇಜು 2018ರಲ್ಲಿ ಪುದುಪಾಕ್ಕಂ ಮತ್ತು ಪಟ್ಟರೈಪೆರುಂಬುದೂರುಗಳಿಗೆ ಸ್ಥಳಾಂತರಗೊಂಡಿತು. ಕಾಲೇಜಿನ ಸ್ಥಳ ಬದಲಾಯಿತು. ಮನೆಯವರ ಚಿಂತೆ ಮಾತ್ರ ಬದಲಾಗಲಿಲ್ಲ.

ಆ ಚಿಂತೆ ಏನೆಂಬುದನ್ನು ನಮ್ಮ ವಾಚಕರು ಬಲ್ಲರು. ಕಾನೂನು ಓದುವ ಹುಡುಗನೋ ಹುಡುಗಿಯೋ ಒಂದು ದಿನ ಊಟಕ್ಕೆ ಕುಳಿತಾಗ, ತಾನು ಹಣಕ್ಕಾಗಿ ಮಾತ್ರ ವಕೀಲಿ ಮಾಡುವವನಲ್ಲ, ಸಾರ್ವಜನಿಕ ಸೇವೆಗೆ ಇಳಿಯಬೇಕೆಂದಿದ್ದೇನೆ ಎಂದು ಹೇಳುತ್ತಾನೆ. ತಂದೆಗೆ ಒಳಗೊಳಗೇ ಅಭಿಮಾನ, ತಾಯಿಗೆ ದಿಗಿಲು. ಸೇವೆಗೆಂದು ಹೊರಟವನ ಹೊಟ್ಟೆಪಾಡೇನು? ಪರವೂರಿನಲ್ಲಿ ನೆಲೆಸಿದ ನಾವು ಸೇವೆ ಮಾಡುವುದಾದರೂ ಯಾರಿಗೆ? ಅದಕ್ಕೆ ಓದುವ ದಿನಗಳಲ್ಲಿಯೇ ಸಿದ್ಧತೆ ಮಾಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗಳಿಗೆ ಉಪದೇಶದಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಮಹನೀಯರ ಜೀವನವನ್ನು ಮುಂದಿಡುವುದು ಮೇಲೆಂದು ನಾವು ಭಾವಿಸುತ್ತೇವೆ. ಅವರು ವಚನ ಪಿತಾಮಹರೆಂದು ಕನ್ನಡ ನಾಡು ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ವಚನಗಳ ಸಂಶೋಧಕರೆಂದು ಅವರನ್ನು ಬಲ್ಲವರು ಬಹುಮಂದಿ. ಅವರು ವೃತ್ತಿಯಿಂದ ವಕೀಲರಾಗಿದ್ದರು, ಪರವೂರಿನಲ್ಲಿ ಕಾನೂನು ಓದುತ್ತಿದ್ದ ದಿನಗಳಲ್ಲಿಯೇ ತಮ್ಮ ಜೀವನದ ದಾರಿಯನ್ನು ಗೊತ್ತುಮಾಡಿಕೊಂಡರು ಎಂಬುದನ್ನು ಬಲ್ಲವರು ಕಡಿಮೆ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ತಾಯಿಯನ್ನು ಅವರು ತೀರ ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡರು. ಅಂದಿನ ಧಾರವಾಡದ ಪರಿಸ್ಥಿತಿಯನ್ನು ನೆನೆಯದೆ ಆ ಬಾಲ್ಯದ ಮಹತ್ತ್ವ ತಿಳಿಯಲಾರದು. ಕನ್ನಡ ನಾಡು ಆಗ ಒಂದೇ ಆಡಳಿತದಲ್ಲಿರಲಿಲ್ಲ. ಮೈಸೂರು ಸಂಸ್ಥಾನ, ನಿಜಾಮರ ಸೀಮೆ, ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳು, ಕೊಡಗು, ಇವಲ್ಲದೆ ಅನೇಕ ಚಿಕ್ಕ ಸಂಸ್ಥಾನಗಳು: ಹೀಗೆ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಕಚೇರಿಗಳಲ್ಲಿಯೂ ವಿದ್ಯಾವಂತರ ಸಮಾಜದಲ್ಲಿಯೂ ಮರಾಠಿಯ ಪ್ರಭಾವ ಬಲವಾಗಿತ್ತು. 1890ರ ಜುಲೈಯಲ್ಲಿ, ಬಾಲಕ ಫಕೀರಪ್ಪನಿಗೆ ಹತ್ತು ವರ್ಷ ತುಂಬಿದ ತಿಂಗಳಿನಲ್ಲಿಯೇ, ರಾ. ಹ. ದೇಶಪಾಂಡೆಯವರೂ ಅವರ ಸ್ನೇಹಿತರೂ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಕನ್ನಡದಲ್ಲಿ ಪುಸ್ತಕಗಳನ್ನು ಬರೆಯಿಸಿ ಪ್ರಕಟಿಸುವುದು ಸಂಘದ ಮುಖ್ಯ ಉದ್ದೇಶಗಳಲ್ಲಿ ಒಂದು. ಬರೆಯುವ ತಂದೆಯ ಮನೆಯಲ್ಲಿ, ಇಂಥ ಊರಿನಲ್ಲಿ, ಹುಡುಗ ಬೆಳೆದನು.

1896ರಲ್ಲಿ ಮೆಟ್ರಿಕ್ಯುಲೇಷನ್ ಮುಗಿದ ಮೇಲೆ ಮುಂದಿನ ವ್ಯಾಸಂಗಕ್ಕೆ ಊರು ಬಿಡಲೇಬೇಕಾಯಿತು. ಧಾರವಾಡದ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಬೆಳಗಾವಿಯ ಲಾ ಕಾಲೇಜು ಹುಟ್ಟಿದ್ದು 1939ರಲ್ಲಿ. ಆದುದರಿಂದ ಆ ಕಾಲದ ಉತ್ತರ ಕರ್ನಾಟಕದ ಯುವಕನಿಗೆ ಪದವಿ ಎಂದರೆ ಪರವೂರಿನ ವಾಸವೆಂದೇ ಅರ್ಥ. ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ನಗರದ ಜನ ಲಕ್ಷಗಟ್ಟಲೆಯಾಗಿ ಊರು ಬಿಟ್ಟು ಓಡಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಆ ಅನಿಶ್ಚಿತ ವರ್ಷಗಳಲ್ಲಿಯೇ ವ್ಯಾಸಂಗವನ್ನು ಮುಂದುವರಿಸಿ 1901ರಲ್ಲಿ ಅವರು ಪದವೀಧರರಾದರು. ತರುವಾಯ ಕಾನೂನನ್ನು ಹಿಡಿದು 1904ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಎಲ್.ಎಲ್.ಬಿ. ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಮುಂಬಯಿಯ ಈ ಎಂಟು ವರ್ಷಗಳೇ ಅವರ ಜೀವನದ ಬೀಜಕಾಲ. ಪಠ್ಯಪುಸ್ತಕಗಳಲ್ಲಿ ಇಲ್ಲದ ಒಂದು ಪಾಠವನ್ನು ಆ ನಗರ ಅವರಿಗೆ ಕಲಿಸಿತು. ಮರಾಠಿಯವರು ಮರಾಠಿಗಾಗಿ ಸಂಘಗಳನ್ನು ಕಟ್ಟಿದ್ದರು, ಪತ್ರಿಕೆಗಳನ್ನು ನಡೆಸುತ್ತಿದ್ದರು, ನಾಟಕಗಳನ್ನು ಆಡುತ್ತಿದ್ದರು. ಗುಜರಾತಿಗಳು ವ್ಯಾಪಾರದಲ್ಲಿ ಮುಳುಗಿದ್ದರೂ ತಮ್ಮ ಭಾಷೆಯ ಮುದ್ರಣಾಲಯಗಳಿಗೂ ಶಾಲೆಗಳಿಗೂ ಹಣ ಕೊಡುತ್ತಿದ್ದರು. ಕನ್ನಡಿಗರಾದರೋ ಆ ನಗರದಲ್ಲಿ ಇದ್ದೂ ಇಲ್ಲದವರಂತಿದ್ದರು. ತಮ್ಮ ಭಾಷೆಯನ್ನು ಮನೆಯೊಳಗೆ ಬಿಟ್ಟು ಬೀದಿಗೆ ಇಳಿಯುತ್ತಿದ್ದರು. ಈ ಅಂತರವನ್ನು ಕಂಡು ಯುವಕ ಹಳಕಟ್ಟಿಯವರ ಮನಸ್ಸು ನೊಂದಿತು. ತಾವು ಕಲಿತು ಸಂಪಾದಿಸಿದ್ದು ಕನ್ನಡ ಜನರ ಏಳಿಗೆಗೆ ಸಲ್ಲಬೇಕೆಂಬ ನಿಶ್ಚಯ ಅವರಲ್ಲಿ ಅಂಕುರಿಸಿದ್ದು ಈ ದಿನಗಳಲ್ಲಿಯೇ. ತನ್ನ ನಾಡಿನ ಬಡತನ ನಾಡಿನೊಳಗೇ ಇದ್ದವನಿಗೆ ಕಾಣುವುದಕ್ಕಿಂತ ಹೊರಗೆ ಹೋಗಿ ನೆರೆಯವರ ಸಂಪತ್ತನ್ನು ಕಂಡವನಿಗೆ ಬೇಗ ಕಾಣುತ್ತದೆ. ಪರವೂರಿನಲ್ಲಿ ಇರುವ ನಮಗೆ ಈ ಮಾತಿನ ಸತ್ಯ ಬೇರೊಬ್ಬರು ತಿಳಿಸಬೇಕಾದದ್ದಿಲ್ಲ.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಕಾನೂನು ಓದಿ ಬೇರೆ ಬೇರೆ ಬಗೆಯಲ್ಲಿ ನಾಡಿಗೆ ದುಡಿದ ಇನ್ನಿಬ್ಬರನ್ನು ಇಲ್ಲಿ ಸ್ಮರಿಸುವುದು ಯುಕ್ತ. ಆಲೂರ ವೆಂಕಟರಾಯರು ಹಳಕಟ್ಟಿಯವರು ಹುಟ್ಟಿದ ತಿಂಗಳಿನಲ್ಲಿಯೇ, 1880ರ ಜುಲೈ 12ರಂದು, ಬಿಜಾಪುರದಲ್ಲಿ ಜನಿಸಿದವರು. ಅವರೂ ಕಾನೂನು ಪದವೀಧರರಾದರು. ಆದರೆ ವಕೀಲಿಯನ್ನು ಬೇಗ ಬಿಟ್ಟು ಲೇಖನಿಯನ್ನು ಹಿಡಿದು, 1917ರಲ್ಲಿ ಕರ್ನಾಟಕ ಗತವೈಭವ ಎಂಬ ಗ್ರಂಥವನ್ನು ಪ್ರಕಟಿಸಿ, ಕರ್ನಾಟಕದ ಏಕೀಕರಣಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಮಂಗಳೂರಿನ ಕಾರ್ನಾಡ ಸದಾಶಿವರಾಯರು ನಮ್ಮ ಈ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಮುಗಿಸಿ, ಊರಿಗೆ ಮರಳಿ ವಕೀಲಿ ಆರಂಭಿಸಿದವರು. ಗಾಂಧೀಜಿಯವರ ಕರೆ ಬಂದಾಗ ವೃತ್ತಿಯನ್ನೂ ಪಿತ್ರಾರ್ಜಿತವನ್ನೂ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದು, 1937ರಲ್ಲಿ ಬಡವರಾಗಿಯೇ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದು. ಈ ಇಬ್ಬರೂ ವೃತ್ತಿಯನ್ನು ತ್ಯಜಿಸಿ ಸೇವೆಗೆ ಇಳಿದರು. ಹಳಕಟ್ಟಿಯವರ ದಾರಿ ಸ್ವಲ್ಪ ಬೇರೆ. ಅವರು ವಕೀಲಿಯನ್ನು ಬಿಡದೆ, ಅದರ ಸಂಪಾದನೆಯನ್ನೂ ಅದರ ವಿದ್ಯೆಯನ್ನೂ ಸೇವೆಯ ಸಾಧನಗಳನ್ನಾಗಿ ಮಾಡಿಕೊಂಡರು. ಇಂದಿನ ಕಾನೂನು ವಿದ್ಯಾರ್ಥಿಗೆ ಅವರ ಜೀವನ ವಿಶೇಷವಾಗಿ ಉಪಯುಕ್ತವಾಗಿರುವುದು ಈ ಕಾರಣದಿಂದ.

ಪದವಿ ಪಡೆದ ಮೇಲೆ ಹಳಕಟ್ಟಿಯವರು ಮೊದಲು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ಬಿಜಾಪುರಕ್ಕೆ ಬಂದು ನೆಲೆಸಿದರು. 2014ರಿಂದ ವಿಜಯಪುರವೆಂದು ಕರೆಯಲ್ಪಡುತ್ತಿರುವ ಈ ಊರು ಗೋಳಗುಮ್ಮಟದಿಂದ ಜಗತ್ಪ್ರಸಿದ್ಧ. ಆದರೆ ಅಂದು ಆ ಜಿಲ್ಲೆಯ ಹೆಸರು ಬರಗಾಲದೊಂದಿಗೇ ಜನರ ಬಾಯಲ್ಲಿ ಬರುತ್ತಿತ್ತು. ಮಳೆ ತಪ್ಪಿದರೆ ರೈತ ಸಾಹುಕಾರನ ಬಾಗಿಲಿಗೆ ಹೋಗುವನು. ಸಾಲ ತೀರದಿದ್ದರೆ ಸಾಹುಕಾರ ನ್ಯಾಯಾಲಯಕ್ಕೆ ಬರುವನು. ಜಿಲ್ಲೆಯ ಊರಿನ ವಕೀಲನ ಮುಂದೆ ಇಂಥ ಕಾಗದಗಳು ದಿನವೂ ಹಾದುಹೋಗುವಂಥವು. ಮುಂಬಯಿಯಂಥ ನಗರದಲ್ಲಿ ನೆಲೆಯೂರಿ ಹಣ ಗಳಿಸಲು ಯತ್ನಿಸುವ ಅವಕಾಶ ಒಬ್ಬ ಎಲ್.ಎಲ್.ಬಿ. ಪದವೀಧರನಿಗೆ ಆಗ ಇಲ್ಲದಿರಲಿಲ್ಲ. ಹಾಗಿದ್ದೂ ಅವರು ಬರದ ಸೀಮೆಯನ್ನು ಆರಿಸಿಕೊಂಡರು. ಕಾಲಕ್ರಮದಲ್ಲಿ ವಕೀಲಿಯಲ್ಲಿ ಒಳ್ಳೆಯ ಹೆಸರು ಗಳಿಸಿ ಸರ್ಕಾರಿ ವಕೀಲರೂ ಆದರು.

ಅವರು ಪದವಿ ಪಡೆದ 1904ನೆಯ ಇಸವಿ ಇನ್ನೊಂದು ಕಾರಣದಿಂದಲೂ ಗಮನಾರ್ಹ. ಸಹಕಾರಿ ಸಾಲಸಂಘಗಳಿಗೆ ಸಂಬಂಧಿಸಿದ ಮೊದಲ ಶಾಸನವನ್ನು ಭಾರತ ಸರ್ಕಾರ ಆ ವರ್ಷವೇ ಜಾರಿಗೆ ತಂದಿತು. ಮರುವರ್ಷ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿ ಕನ್ನಡ ಸೀಮೆಯ ರೈತರಿಗೆ ಹೊಸ ದಾರಿಯನ್ನು ತೋರಿತು. ಸಾಲಸಂಘಗಳಿಗಷ್ಟೇ ಅನ್ವಯಿಸುತ್ತಿದ್ದ ಆ ಶಾಸನವನ್ನು ವಿಸ್ತರಿಸಿ 1912ರಲ್ಲಿ ಹೊಸ ಶಾಸನ ಬಂದಿತು. ಅದೇ 1912ರಲ್ಲಿ ಹಳಕಟ್ಟಿಯವರ ಪ್ರಯತ್ನದಿಂದ ಬಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಕಾನೂನು ಬಲ್ಲವನು ಊರಿನಲ್ಲಿದ್ದರೆ ಏನು ಪ್ರಯೋಜನವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಶಾಸನಸಭೆಯಲ್ಲಿ ಒಂದು ಕಾಯಿದೆ ಆಗುತ್ತದೆ; ಅದು ಗೆಜೆಟ್ಟಿನ ಪುಟಗಳಲ್ಲಿ ಮಲಗಿರುತ್ತದೆ. ಅದನ್ನು ಓದಿ, ನಿಯಮಾವಳಿಯನ್ನು ಸಿದ್ಧಪಡಿಸಿ, ಷೇರುದಾರರನ್ನು ಕೂಡಿಸಿ, ನೋಂದಣಿ ಮಾಡಿಸಿ, ಲೆಕ್ಕಪತ್ರಗಳನ್ನು ನೇರ್ಪುಗೊಳಿಸುವವನು ಇದ್ದಾಗ ಮಾತ್ರ ಅದು ಬಡವನ ಮನೆಯ ಬಾಗಿಲಿಗೆ ಬರುತ್ತದೆ.

ಇದಕ್ಕೂ ಮೊದಲೇ, 1910ರಲ್ಲಿ, ಅವರು ಸಮಾಜದ ಹಿರಿಯರನ್ನು ಕೂಡಿಸಿಕೊಂಡು ಬಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೆ ಅಡಿಗಲ್ಲನ್ನಿಟ್ಟಿದ್ದರು. ಜನರು ಬಿ.ಎಲ್.ಡಿ.ಇ. ಎಂದು ಕರೆಯುವ ಈ ಸಂಸ್ಥೆ ಶಾಲೆಗಳಿಂದ ಆರಂಭವಾಗಿ ಇಂದು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳವರೆಗೆ ಬೆಳೆದಿದೆ. ವಿಜಯಪುರದ ಅದರ ಇಂಜಿನಿಯರಿಂಗ್ ಕಾಲೇಜು ಹಳಕಟ್ಟಿಯವರ ಹೆಸರನ್ನೇ ಧರಿಸಿದೆ. ತಾವು ಕಾಲೇಜಿಗಾಗಿ ಊರು ಬಿಟ್ಟು ಹೋಗಬೇಕಾಗಿದ್ದ ಕಷ್ಟವನ್ನು ಅನುಭವಿಸಿದವರು ಮುಂದಿನವರಿಗೆ ಊರಿನಲ್ಲಿಯೇ ವಿದ್ಯೆ ದೊರೆಯುವಂತೆ ಮಾಡಿದರು. ಊರಿನ ನಗರಸಭೆಯಲ್ಲಿಯೂ ಅವರು ದುಡಿದರು. 1920ರ ದಶಕದಲ್ಲಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದರು. ಹದಿನಾರರ ಹರೆಯದಲ್ಲಿ ವಿದ್ಯಾರ್ಥಿಯಾಗಿ ಹೋಗಿದ್ದ ಮುಂಬಯಿಗೆ ಹೀಗೆ ಜನಪ್ರತಿನಿಧಿಯಾಗಿ ಮತ್ತೆ ಕಾಲಿಟ್ಟರು. ಸರ್ಕಾರವು ಅವರಿಗೆ ರಾವ್ ಸಾಹೇಬ್, ಅನಂತರ ರಾವ್ ಬಹಾದ್ದೂರ್ ಬಿರುದುಗಳನ್ನು ಕೊಟ್ಟಿತು.

ಇಷ್ಟರಲ್ಲಿಯೇ ಒಬ್ಬ ಮನುಷ್ಯನ ಜೀವನ ಸಾರ್ಥಕವಾಯಿತೆನ್ನಬಹುದಿತ್ತು. ಆದರೆ ಹಳಕಟ್ಟಿಯವರ ಹೆಸರು ಉಳಿದಿರುವುದು ಇನ್ನೂ ದೊಡ್ಡದಾದ ಒಂದು ಕಾರ್ಯದಿಂದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ರಬಕವಿಯ ಮಂಚಾಲೆ ಮನೆತನದವರಲ್ಲಿದ್ದ ತಾಳೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಅವುಗಳಲ್ಲಿ ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳಿದ್ದವು. ಇಂದು ವಚನಗಳು ಶಾಲೆಯ ಮಕ್ಕಳ ಬಾಯಲ್ಲಿಯೂ ಇವೆ, ಅಂದು ಹಾಗಿರಲಿಲ್ಲ. ಮಠಗಳ ಜಂತಿಯಲ್ಲಿ, ಹಳ್ಳಿಯ ಮನೆಗಳ ಅಟ್ಟದಲ್ಲಿ, ಪೂಜೆಯ ಗೂಡಿನಲ್ಲಿ ಆ ಗರಿಗಳು ಕಟ್ಟಿಟ್ಟ ಹಾಗೆಯೇ ಹುಳು ಹಿಡಿಯುತ್ತಿದ್ದವು. ಕೆಲವರು ಭಕ್ತಿಯಿಂದ ಹೂವು ಏರಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳ. ಈ ನಿಧಿ ಹಾಳಾಗಬಾರದೆಂದು ಹಳಕಟ್ಟಿಯವರು ಸಂಕಲ್ಪಮಾಡಿದರು. ಕೋರ್ಟಿನ ಕೆಲಸವನ್ನು ಮಾಡುತ್ತಲೇ ಊರೂರು ಅಲೆದು, ಮಠಾಧಿಪತಿಗಳನ್ನೂ ಗೃಹಸ್ಥರನ್ನೂ ಕಂಡು ಬೇಡಿ, ಪ್ರತಿಗಳನ್ನು ಸಂಗ್ರಹಿಸಿದರು. ಕೊಡಲೊಪ್ಪದವರಲ್ಲಿ ಕುಳಿತು ನಕಲು ಮಾಡಿಕೊಂಡರು. ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದರೆ, ಅವರ ಶೋಧದಿಂದ ಆ ಸಂಖ್ಯೆ ಸುಮಾರು 250ಕ್ಕೆ ಏರಿತೆಂದು ಹೇಳುವುದುಂಟು.

ಈ ಶೋಧದಲ್ಲಿ ಅವರಿಗೆ ನೆರವಾದದ್ದು ಕಾನೂನಿನ ಶಿಕ್ಷಣವೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ದಸ್ತಾವೇಜು ಕೈಗೆ ಬಂದಾಗ ವಕೀಲನು ಮೊದಲು ನೋಡುವುದೇನು? ಬರೆದವರು ಯಾರು, ಸಹಿ ಯಾರದು, ಬೇರೆ ಪ್ರತಿ ಇದೆಯೆ, ಎರಡರಲ್ಲಿ ವ್ಯತ್ಯಾಸವಿದ್ದರೆ ಯಾವುದು ನಂಬತಕ್ಕದ್ದು ಎಂಬುದನ್ನು. ವಚನಗಳ ಪ್ರತಿಗಳಿಗೂ ಇವೇ ಪ್ರಶ್ನೆಗಳು. ಪ್ರತಿಯೊಂದು ವಚನದ ಕೊನೆಗೆ ಬರುವ ಅಂಕಿತ ಶರಣರ ಸಹಿಯಿದ್ದಂತೆ. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು. ಅಂಕಿತವನ್ನು ಹಿಡಿದು ಕರ್ತೃವನ್ನು ಗುರುತಿಸುವುದು, ಹಲವು ಪ್ರತಿಗಳನ್ನು ಎದುರು ಬದುರಿಟ್ಟು ಪಾಠವನ್ನು ನಿರ್ಣಯಿಸುವುದು, ದೊರೆತದ್ದನ್ನು ಪಟ್ಟಿಮಾಡಿ ದಾಖಲೆಯಿಡುವುದು: ಇವೆಲ್ಲ ಕೋರ್ಟಿನ ಸಾಕ್ಷ್ಯ ವಿಚಾರಣೆಯಿಂದ ದೂರವಾದ ಕೆಲಸಗಳಲ್ಲ. ವಚನಗಳನ್ನು ಅವರು ತಮ್ಮ ಮೊದಲ ಮಹಾಗ್ರಂಥದಲ್ಲಿ ವಿಷಯಾನುಸಾರವಾಗಿ ವಿಂಗಡಿಸಿ ಜೋಡಿಸಿದ ಕ್ರಮವನ್ನು ನೋಡಿದರೆ, ತೀರ್ಪುಗಳನ್ನು ಪ್ರಕರಣ ಪ್ರಕರಣವಾಗಿ ಸಂಗ್ರಹಿಸುವ ಕಾನೂನು ಗ್ರಂಥಗಳು ನಮಗೆ ನೆನಪಾಗುತ್ತವೆ. ಆ ಗ್ರಂಥಕ್ಕೆ ಅವರಿಟ್ಟ ಹೆಸರು ವಚನಶಾಸ್ತ್ರಸಾರ.

ವಚನಶಾಸ್ತ್ರಸಾರದ ಪ್ರಕಟಣೆ ಸುಲಭವಾಗಿ ನಡೆಯಲಿಲ್ಲ. ಅಂದವಾದ ಕನ್ನಡ ಮುದ್ರಣಕ್ಕೆ ಹೆಸರಾಗಿದ್ದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಅವರು ಹಸ್ತಪ್ರತಿಯನ್ನು ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚುಮಾಡಿಸಿ 1923ರಲ್ಲಿ ಮೊದಲ ಭಾಗವನ್ನು ಹೊರತಂದರು. ಅದರ ಹಿಂದಿನ ವರ್ಷ, 1922ರಲ್ಲಿ, ಬಸವಣ್ಣನವರ ವಚನಗಳ ಅವರ ಇಂಗ್ಲಿಷ್ ಅನುವಾದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟವಾಗಿ, ಕನ್ನಡ ಬಾರದ ವಿದ್ವಾಂಸರಿಗೂ ಈ ಸಾಹಿತ್ಯದ ಪರಿಚಯವಾಗಿತ್ತು. ಕನ್ನಡಿಗರಾದರೋ ತಮ್ಮ ಮನೆಯ ಅಟ್ಟದಲ್ಲಿ ಏನಿತ್ತೆಂಬುದನ್ನು ಆಗ ತಿಳಿದು ಬೆರಗಾದರು.

ಮುದ್ರಣಕ್ಕೆ ಪ್ರತಿಸಲವೂ ಪರರ ಬಾಗಿಲನ್ನು ಕಾಯುವುದು ಸಾಧ್ಯವಿಲ್ಲವೆಂದು ಅರಿತು ಹಳಕಟ್ಟಿಯವರು 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕೆ ಬೇಕಾದ ಹಣವನ್ನು ಹೊಂದಿಸಲು ತಮ್ಮ ಸ್ವಂತ ಮನೆಯನ್ನು ಮಾರಿದರು. ಈ ಒಂದು ವಾಕ್ಯವನ್ನು ಬರೆಯುವಾಗ ನಮ್ಮ ಲೇಖನಿ ಕ್ಷಣಕಾಲ ತಡೆಯುತ್ತದೆ. ಪರವೂರಿನಲ್ಲಿ ಒಂದು ತಲೆಮಾರು ದುಡಿದು, ಕಂತು ಕಟ್ಟಿ, ಎರಡು ಕೋಣೆಯ ಮನೆ ಮಾಡಿಕೊಂಡವರಿಗೆ ಮನೆ ಮಾರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಕಾಸು ಕಂಡಿದ್ದ ವಕೀಲರ ಕುಟುಂಬ ಅಂದಿನಿಂದ ಬಾಡಿಗೆಯ ಮನೆಯಲ್ಲಿ ದಿನ ಕಳೆಯಬೇಕಾಯಿತು.

ಮುದ್ರಣಾಲಯ ಬಂದ ಮೇಲೆ ಕೆಲಸಕ್ಕೆ ರಭಸ ಬಂದಿತು. 1926ರಲ್ಲಿ ಶಿವಾನುಭವ ಎಂಬ ಸಂಶೋಧನ ಪತ್ರಿಕೆ ತ್ರೈಮಾಸಿಕವಾಗಿ ಆರಂಭವಾಯಿತು. 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ ಹೊರಟಿತು. ಒಂದು ವಿದ್ವಾಂಸರಿಗೆ, ಇನ್ನೊಂದು ಸಾಮಾನ್ಯ ಜನರಿಗೆ. ಬಸವಣ್ಣನವರ ವಚನಗಳು, ಶೂನ್ಯಸಂಪಾದನೆ, ಹರಿಹರನ ರಗಳೆಗಳು ಒಂದೊಂದಾಗಿ ಬೆಳಕು ಕಂಡವು. ಹಗಲು ಕೋರ್ಟು, ಉಳಿದ ಹೊತ್ತು ಪ್ರತಿಗಳ ಪರಿಶೋಧನೆ, ಕರಡಚ್ಚಿನ ತಿದ್ದುಪಡಿ, ಪತ್ರವ್ಯವಹಾರ: ಇಂದು ಒಂದು ವಿಶ್ವವಿದ್ಯಾನಿಲಯದ ವಿಭಾಗ ಮಾಡತಕ್ಕ ಕೆಲಸವನ್ನು ಒಬ್ಬ ಮನುಷ್ಯ ಮಾಡಿದನು. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅವರು ಅಲಂಕರಿಸಿದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿ ಪ್ರಾಂತ್ಯದ ವಕೀಲರೊಬ್ಬರು ಮದರಾಸು ಪ್ರಾಂತ್ಯದ ಊರಿನಲ್ಲಿ ಕುಳಿತು ಎಲ್ಲ ಕನ್ನಡಿಗರ ಪರವಾಗಿ ಮಾತನಾಡಿದ ಆ ದಿನ, ನಾಡು ಒಂದಾಗುವುದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದವು.

ಇಲ್ಲಿ ನಾವು ಒಂದು ವಿಷಯವನ್ನು ಮುಚ್ಚಿಡಬಾರದು. ಈ ಸೇವೆಯ ಬೆಲೆ ಬಹಳವಾಗಿತ್ತು. ಪುಸ್ತಕಗಳ ಮಾರಾಟದಿಂದಾಗಲಿ ಪತ್ರಿಕೆಯ ಚಂದಾದಿಂದಾಗಲಿ ಮುದ್ರಣದ ವೆಚ್ಚ ತುಂಬುತ್ತಿರಲಿಲ್ಲ. ವಕೀಲಿಯ ಸಂಪಾದನೆ ಅಚ್ಚುಮೊಳೆಗೂ ಕಾಗದಕ್ಕೂ ಹೋಗುತ್ತಿತ್ತು. ದೊಡ್ಡ ಸಂಸ್ಥೆಯನ್ನು ಕಟ್ಟಿದವರು, ಬ್ಯಾಂಕನ್ನು ಸ್ಥಾಪಿಸಿದವರು, ಹರಿದ ಕೋಟನ್ನು ತೊಟ್ಟು ಬಡತನದಲ್ಲಿ ವೃದ್ಧಾಪ್ಯವನ್ನು ಕಳೆದರು. ಮನೆಯವರೂ ಆ ಕಷ್ಟದಲ್ಲಿ ಪಾಲುಗಾರರಾದರು. ಮಹಾಪುರುಷರ ತ್ಯಾಗವನ್ನು ಹೊಗಳುವ ನಾವು ಅವರ ಮನೆಯ ಒಲೆಯ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಹಳಕಟ್ಟಿಯವರ ಬಡತನ ಅವರಿಗೆ ಭೂಷಣವಾಗಿರಬಹುದು. ಅವರ ಪುಸ್ತಕವನ್ನು ಕೊಳ್ಳದೆ, ಪತ್ರಿಕೆಗೆ ಚಂದಾ ಕಳುಹಿಸದೆ ಇದ್ದ ಸಮಾಜಕ್ಕೆ ಅದು ಭೂಷಣವಲ್ಲ. ಸೇವೆ ಮಾಡುವವನು ತನ್ನ ಸರ್ವಸ್ವವನ್ನು ಕೊಡಲು ಸಿದ್ಧನಾಗಿದ್ದಾನೆಂದು ಕೈಕಟ್ಟಿ ಕುಳಿತು ನೋಡುವುದು ನಮ್ಮ ಜನರ ಹಳೆಯ ದೋಷಗಳಲ್ಲಿ ಒಂದು.

ಕೊನೆಗಾಲದಲ್ಲಿ ಅವರಿಗೆ ಮನ್ನಣೆ ದೊರೆಯದೆ ಹೋಗಲಿಲ್ಲ. ಕರ್ನಾಟಕ ಏಕೀಕರಣವಾದ 1956ನೆಯ ಇಸವಿಯಲ್ಲಿಯೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಯಾವ ಊರಿನಲ್ಲಿ ಕಾಲೇಜಿಲ್ಲವೆಂದು ಅರುವತ್ತು ವರ್ಷಗಳ ಹಿಂದೆ ರೈಲು ಹತ್ತಿ ಹೊರಟಿದ್ದರೋ ಅದೇ ಊರಿನ ವಿಶ್ವವಿದ್ಯಾನಿಲಯ ಅವರನ್ನು ಕರೆದು ಪುರಸ್ಕರಿಸಿತು. 1964ರ ಜೂನ್ ತಿಂಗಳ ಕೊನೆಯ ವಾರದಲ್ಲಿ, ಎಂಬತ್ತನಾಲ್ಕು ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು. ಅವರ ಓರಗೆಯ ಆಲೂರ ವೆಂಕಟರಾಯರು ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಒಂದೇ ತಿಂಗಳಿನಲ್ಲಿ ಹುಟ್ಟಿ, ಒಂದೇ ನಗರದಲ್ಲಿ ಕಾನೂನು ಓದಿದ ಇಬ್ಬರನ್ನೂ ಕನ್ನಡ ನಾಡು ಒಂದೇ ವರ್ಷ ಕಳೆದುಕೊಂಡಿತು.

ಅವರು ಹಾಕಿದ ಅಡಿಪಾಯದ ಮೇಲೆ ಮುಂದಿನವರು ಕಟ್ಟಿದರು. 1993ರಲ್ಲಿ ಕರ್ನಾಟಕ ಸರ್ಕಾರ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಹಳಕಟ್ಟಿಯವರ ಹುಟ್ಟುಹಬ್ಬವಾದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ಇದೆ. ಬಿಜಾಪುರಕ್ಕೆ ಬರುವವರು ಗೋಳಗುಮ್ಮಟವನ್ನು ನೋಡಲು ಬರುತ್ತಿದ್ದ ಕಾಲದಲ್ಲಿ ವಿದ್ವಾಂಸರು ಇವರನ್ನೇ ವಚನದ ಗುಮ್ಮಟವೆಂದು ಕರೆದು ಕಾಣಲು ಬರುತ್ತಿದ್ದರೆಂಬುದು ಅಲ್ಲಿ ಇಂದಿಗೂ ಹೇಳುವ ಮಾತು.

ಇನ್ನು ನಾವು ಮೊದಲು ಎತ್ತಿದ ಪ್ರಶ್ನೆಗಳಿಗೆ ಬರೋಣ. ಸಾರ್ವಜನಿಕ ಸೇವೆಗೆ ಕಾನೂನು ವಿದ್ಯಾರ್ಥಿ ಹೇಗೆ ಸಿದ್ಧನಾಗಬೇಕು? ಹಳಕಟ್ಟಿಯವರ ಜೀವನದಿಂದ ನಾವು ತಿಳಿಯಬಹುದಾದದ್ದು ಇಷ್ಟು. ಮೊದಲನೆಯದಾಗಿ, ಓದುವ ಊರನ್ನು ಕಣ್ಣು ತೆರೆದು ನೋಡಬೇಕು. ನೆರೆಯವರು ತಮ್ಮ ಜನಕ್ಕಾಗಿ ಏನು ಮಾಡಿಕೊಂಡಿದ್ದಾರೆ, ನಮ್ಮವರಿಗೆ ಏನು ಕೊರತೆಯಿದೆ ಎಂಬುದನ್ನು ಮನಸ್ಸಿನಲ್ಲಿ ಗುರುತುಹಾಕಿಕೊಳ್ಳಬೇಕು. ಎರಡನೆಯದಾಗಿ, ಕಾನೂನನ್ನು ಚೆನ್ನಾಗಿ ಕಲಿಯಬೇಕು. ಸೇವೆಯ ಹುಮ್ಮಸ್ಸಿನಲ್ಲಿ ಪಾಠವನ್ನು ಉದಾಸೀನ ಮಾಡಿದವನು ಸಂಘದ ನಿಯಮಾವಳಿಯನ್ನೂ ಬರೆಯಲಾರನು, ಬಡವನ ದಾವೆಯನ್ನೂ ಗೆಲ್ಲಿಸಲಾರನು. ಮೂರನೆಯದಾಗಿ, ಸೇವೆಯ ಕ್ಷೇತ್ರ ಇಂಥದೇ ಎಂದು ಮೊದಲೇ ಹಟ ಹಿಡಿಯಬಾರದು. ಬ್ಯಾಂಕು, ಶಾಲೆ, ನಗರಸಭೆ, ತಾಳೆಗರಿ, ಯಾವುದು ಎದುರಿಗೆ ಬಂದರೂ ಅದಕ್ಕೆ ಹಳಕಟ್ಟಿಯವರು ಕೈಯೊಡ್ಡಿದರು.

ಮನೆಯ ಹಿರಿಯರಿಗೂ ಒಂದು ಮಾತನ್ನು ವಿಜ್ಞಾಪಿಸುತ್ತೇವೆ. ಮಕ್ಕಳು ಸೇವೆಯ ಮಾತನ್ನೆತ್ತಿದಾಗ ದಿಗಿಲುಪಡುವುದು ಸಹಜ. ಹಳಕಟ್ಟಿಯವರ ಮನೆಯ ಕಥೆ ಆ ದಿಗಿಲಿಗೆ ಕಾರಣವಿದೆಯೆಂದೇ ಹೇಳುತ್ತದೆ. ಅದಕ್ಕೆ ಪರಿಹಾರ ಮಕ್ಕಳನ್ನು ತಡೆಯುವುದರಲ್ಲಿಲ್ಲ. ಅಂಥವರು ನಡೆಸುವ ಸಂಘಕ್ಕೆ ಸದಸ್ಯರಾಗುವುದು, ತರುವ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವುದು, ಪತ್ರಿಕೆಗೆ ಚಂದಾ ಕಟ್ಟುವುದು, ಕಟ್ಟುವ ಬ್ಯಾಂಕಿನಲ್ಲಿ ಒಂದು ಷೇರು ಹಿಡಿಯುವುದು, ಇವು ನಮ್ಮ ಕೈಯಲ್ಲಿವೆ. ಹತ್ತು ಮನೆಗಳು ಸ್ವಲ್ಪ ಸ್ವಲ್ಪ ಕೊಟ್ಟರೆ ಒಬ್ಬನು ತನ್ನ ಮನೆಯನ್ನು ಮಾರಬೇಕಾಗುವುದಿಲ್ಲ. ಕ್ರೋಂಪೇಟೆಯಿಂದ ಮುಂದೆ ಯಾರಾದರೂ ಹುಡುಗನೋ ಹುಡುಗಿಯೋ ಕಾನೂನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಿನ ಬಂಡಿ ಹತ್ತಿದಾಗ, 1896ರಲ್ಲಿ ಧಾರವಾಡದಿಂದ ಹೊರಟ ಆ ಹದಿನಾರರ ಹುಡುಗ ನಮ್ಮ ನೆನಪಿನಲ್ಲಿರಲಿ.